ಸೈಕಾಲಜಿ ಓದುವವರ ಕಷ್ಟ-ಸುಖ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಮನಃಶಾಸ್ತ್ರ ಓದುತ್ತಿರುವವರು ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ತಿಂಗಳು ಇದೇ ಅಂಕಣದಲ್ಲಿ ಹೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಂ.ಎಸ್ಸಿ. ಓದುವವರು, ಪಿಎಚ್.ಡಿ. ಮಾಡುತ್ತಿರುವವರು, ಅವರ ಅಪ್ಪ-ಅಮ್ಮಂದಿರು, ಎಲ್ಲರೂ ಬರೆದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ, ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಹಾಸನ ಜಿಲ್ಲೆಯ ಹಳ್ಳಿಯವಳು. ಡಿಗ್ರಿವರೆಗೂ ಕನ್ನಡ ಮಾಧ್ಯಮ. ಈಗ ಎಂ.ಎಸ್ಸಿ. ಸೈಕಾಲಜಿ ಮೊದಲ ಸೆಮಿಸ್ಟರ್. ಕ್ಲಾಸಿನಲ್ಲಿ ಎಲ್ಲವೂ ಇಂಗ್ಲಿಷ್. ಸೆಮಿನಾರ್ ಕೊಡಬೇಕು ಅಂದರೆ ಕೈಕಾಲು ನಡುಗುತ್ತದೆ. ಬೆಂಗಳೂರಿನಲ್ಲಿ ಓದಿ ಬಂದವರ ಮುಂದೆ ನಾನು ಏನೂ ಅಲ್ಲ ಅನಿಸುತ್ತದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಮಗಳೇ. ಸಮಾಧಾನಕ್ಕೆ ಹೇಳುತ್ತಿಲ್ಲ, ಕಾರಣ ಇದೆ. ಸ್ವಲ್ಪ ಉದ್ದ ಆದರೂ ಓದಿ.

ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಜರ್ನಲ್‌ಗಳೆಲ್ಲ ಅದರಲ್ಲೇ ಇವೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯ ಸೈಕಾಲಜಿ ಪತ್ರಿಕೆ ಬರುವುದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆದರೆ ಮೊದಲ ಸೆಮಿಸ್ಟರಿನಲ್ಲಿ ನಿಮ್ಮನ್ನು ಹೆದರಿಸುತ್ತಿರುವುದು ಒಂದು ಇನ್ನೂರು ಮುನ್ನೂರು ಶಬ್ದಗಳು ಅಷ್ಟೇ. ಅವು ಬೆಂಗಳೂರಿನವರಿಗೂ ಹೊಸವೇ. ಅವರು ಸಲೀಸಾಗಿ ಹೇಳುತ್ತಾರೆ ಅಂದ ಮಾತ್ರಕ್ಕೆ ಅರ್ಥ ಆಗಿದೆ ಅಂತ ತಿಳಿಯಬೇಡಿ. ಒಂದು ನೋಟ್‌ಬುಕ್ ಇಡಿ. ಎಡಗಡೆ ಆ ಇಂಗ್ಲಿಷ್ ಶಬ್ದ ಬರೆಯಿರಿ. ಬಲಗಡೆ ನಿಘಂಟಿನ ಅರ್ಥ ಬರೆಯಲು ಹೋಗಬೇಡಿ, ನಿಮ್ಮ ಮನೆಯ ಒಂದು ಉದಾಹರಣೆ ಬರೆಯಿರಿ. ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ ಅಂದರೆ ಶಿಕ್ಷೆ ಅಂತ ಕ್ಲಾಸಿನಲ್ಲಿ ಅರ್ಧ ಜನ ಬರೆಯುತ್ತಾರೆ, ತಪ್ಪು. ಅಮ್ಮ ಗೊಣಗುತ್ತಿದ್ದಾರೆ, ನೀವು ಎದ್ದು ಪಾತ್ರೆ ತೊಳೆದಿರಿ, ಗೊಣಗಾಟ ನಿಂತಿತು. ನಾಳೆ ನೀವು ಇನ್ನೂ ಬೇಗ ಏಳುತ್ತೀರಿ. ಬೇಡದ್ದೊಂದು ತೊಲಗಿತು, ಅದರಿಂದ ನಿಮ್ಮ ನಡವಳಿಕೆ ಗಟ್ಟಿಯಾಯಿತು. ಇಷ್ಟನ್ನು ಹೀಗೆ ಬರೆದಿಟ್ಟುಕೊಂಡವಳು ಪರೀಕ್ಷೆಯಲ್ಲಿ ತಡವರಿಸಿ ಇಂಗ್ಲಿಷಿನಲ್ಲಿ ಬರೆದರೂ ಸರಿಯಾಗಿಯೇ ಬರೆಯುತ್ತಾಳೆ.

ಈಗ ದೊಡ್ಡ ಮಾತಿಗೆ ಬರುತ್ತೇನೆ. ಎರಡನೇ ವರ್ಷದಲ್ಲಿ ನೀವು ಡೆಸರ್ಟೇಷನ್ (ಸಣ್ಣ ಸಂಶೋಧನಾ ಪ್ರಬಂಧ) ಮಾಡುತ್ತೀರಿ, ಜನರ ಹತ್ತಿರ ಹೋಗಿ ಪ್ರಶ್ನಾವಳಿ ತುಂಬಿಸುತ್ತೀರಿ. ಆ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಅಮೆರಿಕದಲ್ಲೋ ಯುರೋಪಿನಲ್ಲೋ ಹುಟ್ಟಿದವು. 1965ರಲ್ಲಿ ರೋಸೆನ್‌ಬರ್ಗ್ ಮಾಡಿದ ಸ್ವಾಭಿಮಾನದ ಅಳತೆ ಇದೆಯಲ್ಲ, ಹತ್ತೇ ವಾಕ್ಯಗಳದ್ದು, ಅದನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ಕನ್ನಡಕ್ಕೆ ಮಾಡಿಕೊಂಡು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರ ಹತ್ತಿರ ಹೋಗಿದ್ದಳು. ನಾನೂ ಜೊತೆಗಿದ್ದೆ. ಭಾನುವಾರ ಮಧ್ಯಾಹ್ನ, ವಠಾರದ ನಲ್ಲಿಯ ಹತ್ತಿರ ಒಬ್ಬಾಕೆ ಬಟ್ಟೆ ಹಿಂಡುತ್ತಾ ಉತ್ತರ ಹೇಳುತ್ತಿದ್ದರು. ಏಳು ವಾಕ್ಯ ಸರಾಗವಾಗಿ ಆಯಿತು. ಎಂಟನೆಯದಕ್ಕೆ ಬಂದಾಗ, ನನ್ನ ಬಗ್ಗೆ ನನಗೆ ಇನ್ನೂ ಹೆಚ್ಚು ಗೌರವ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಅರ್ಥದ್ದು, ಆಕೆ ಬಟ್ಟೆ ಬಕೆಟ್ಟಿಗೆ ಹಾಕಿ ಮುಖ ನೋಡಿದರು. ‘ಗೌರವ ಬೇರೆಯವರು ಕೊಡೋದಲ್ವಾ ಅಮ್ಮ, ನಂಗೆ ನಾನೇ ಹೆಂಗೆ ಕೊಟ್ಕೊಳ್ಳೋದು?’ ಅಂದರು. ನನ್ನ ವಿದ್ಯಾರ್ಥಿನಿ ಪೆನ್ನು ಹಿಡಿದು ಹಾಗೇ ಕೂತಳು. ಜಗತ್ತಿನ ಬೇರೆ ಬೇರೆ ಭಾಷೆಗಳಲ್ಲೂ ಇದೇ ಎಂಟನೇ ವಾಕ್ಯ ಕೈಕೊಟ್ಟಿದೆ, ಸಂಶೋಧಕರು ಅದರ ಬಗ್ಗೆಯೇ ಬರೆದಿದ್ದಾರೆ. ಅವರು ಅಂಕಿಸಂಖ್ಯೆ ಹಾಕಿ ಕಂಡುಕೊಂಡಿದ್ದನ್ನು ಆಕೆ ನಲ್ಲಿಯ ಹತ್ತಿರ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ನಮ್ಮ ‘ಬೇಜಾರು’ ಎಂಬ ಶಬ್ದವನ್ನೇ ನೋಡಿ. ಸಿನಿಮಾ ಚೆನ್ನಾಗಿಲ್ಲ ಅಂದರೂ ಬೇಜಾರು, ಗಂಡ ಮಾತಾಡಿಸಲಿಲ್ಲ ಅಂದರೂ ಬೇಜಾರು, ಬದುಕೇ ಬೇಡ ಅನಿಸಿದರೂ ಬೇಜಾರು. ಎರಡು ವಾರದಿಂದ ಬೇಜಾರಾಗಿತ್ತಾ ಅಂತ ಕೇಳಿದರೆ ಹೌದು ಅಂತ ಬಂದೇ ಬರುತ್ತದೆ. ಯಾವ ಬೇಜಾರು ಅಂತ ತಿಳಿಯಬೇಕಾದರೆ ಆ ಊರಿನ ಮಾತು ಗೊತ್ತಿರಬೇಕು. ‘ಎದೆ ಭಾರ’, ‘ಹೊಟ್ಟೆಗೆ ಬೆಂಕಿ ಬಿದ್ದಂಗೆ’, ‘ಕೈಕಾಲೇ ಆಡಲ್ಲ’ ಅಂತ ಹೇಳಿದಾಗ ಅದು ಮೈಯ ಕಾಯಿಲೆಯೋ ಮನಸ್ಸಿನ ನೋವೋ ಅಂತ ಕಿವಿಯಲ್ಲೇ ಗೊತ್ತಾಗಬೇಕು. ಅದು ನಿಮಗೆ ಹುಟ್ಟಿನಿಂದ ಬಂದಿದೆ. ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಿ, ಮೂಲ ನೋಡದ ಇನ್ನೊಬ್ಬರ ಕೈಲಿ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸುವ ಒಂದು ಪದ್ಧತಿ ಇದೆ. 1970ರಲ್ಲಿ ಬ್ರಿಸ್ಲಿನ್ ಎಂಬವರು ಅದನ್ನು ವಿವರವಾಗಿ ಬರೆದರು. ನಿಮ್ಮ ಕ್ಲಾಸಿನಲ್ಲಿ ಆ ಕೆಲಸ ಬಂದಾಗ ಎಲ್ಲರೂ ನಿಮ್ಮ ಹತ್ತಿರವೇ ಬರುತ್ತಾರೆ, ನೋಡಿ ಬೇಕಾದರೆ.

ಸೆಮಿನಾರಿನ ನಡುಕಕ್ಕೆ ಒಂದೇ ದಾರಿ. ಮೊದಲ ಎರಡು ನಿಮಿಷದ ಮಾತನ್ನು ಹಾಸ್ಟೆಲಿನ ಗೆಳತಿಯ ಮುಂದೆ ಐದು ಸಲ ಹೇಳಿ. ಶುರುವಾದರೆ ಮುಂದಿನದು ತಾನೇ ಬರುತ್ತದೆ.

ಪ್ರಶ್ನೆ: ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಮ್ಯೂಲರ್-ಲಯರ್, ಮಿರರ್ ಡ್ರಾಯಿಂಗ್, ಮೆಮೊರಿ ಡ್ರಮ್ ಅಂತ ನೂರು ವರ್ಷ ಹಳೆಯ ಪ್ರಯೋಗಗಳನ್ನೇ ಮಾಡಿಸುತ್ತಾರೆ. ರೆಕಾರ್ಡ್ ಬರೆದು ಬರೆದು ಬೆರಳು ನೋಯುತ್ತದೆ. ಇದರಿಂದ ನಿಜವಾಗಿ ಉಪಯೋಗ ಇದೆಯಾ? (ಧಾರವಾಡದ ಬಿ.ಎ. ವಿದ್ಯಾರ್ಥಿ. ತುಮಕೂರು, ಮೈಸೂರಿನಿಂದಲೂ ಇದೇ ಪ್ರಶ್ನೆ.)

ಉತ್ತರ: ಹಿಂದಿನ ವರ್ಷದವರ ರೆಕಾರ್ಡ್ ನೋಡಿ ನಕಲು ಮಾಡಿದರೆ ಖಂಡಿತ ಉಪಯೋಗ ಇಲ್ಲ. ಬೆರಳು ನೋಯುವುದು ಅದರಿಂದಲೇ ಜಾಸ್ತಿ ಅಂತ ನನಗೆ ಗೊತ್ತು. ಆದರೆ ಪ್ರಯೋಗ ಹಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮಿರರ್ ಡ್ರಾಯಿಂಗ್ ತೆಗೆದುಕೊಳ್ಳಿ. ಆರು ಮೂಲೆಯ ನಕ್ಷತ್ರ, ಎದುರಿಗೆ ಕನ್ನಡಿ, ಕೈ ಕಾಣದ ಹಾಗೆ ಅಡ್ಡ ಒಂದು ತಗಡು. ಕನ್ನಡಿ ನೋಡಿಕೊಂಡು ಗೆರೆ ಮುಟ್ಟದಂತೆ ಸ್ಟೈಲಸ್ ಓಡಿಸಬೇಕು. ಮೊದಲ ಸಲ ಎಲ್ಲರ ಕೈಯೂ ಒಂದು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಪರದಾಡುತ್ತದೆ. ಹತ್ತನೇ ಸಲಕ್ಕೆ ಸಲೀಸು. ಈಗ ಇದನ್ನು ಕೇಳಿ. ಅಮೆರಿಕದಲ್ಲಿ ಒಬ್ಬ ಯುವಕನಿಗೆ 1953ರಲ್ಲಿ ಮೂರ್ಛೆರೋಗಕ್ಕೆ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಹಿಪೊಕ್ಯಾಂಪಸ್ ಎಂಬ ಭಾಗದ ಹೆಚ್ಚಿನ ಪಾಲನ್ನು ಎರಡೂ ಕಡೆ ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸದೇನೂ ನೆನಪಿನಲ್ಲಿ ಉಳಿಯದೇ ಹೋಯಿತು. ಪುಸ್ತಕಗಳಲ್ಲಿ ಆತನ ಹೆಸರು ‘ಎಚ್.ಎಂ.’ ಎಂದಷ್ಟೇ ಇತ್ತು. 2008ರಲ್ಲಿ ತೀರಿಕೊಂಡ ಮೇಲೆ ಹೆನ್ರಿ ಮೊಲೈಸನ್ ಎಂದು ಗೊತ್ತಾಯಿತು. ಬ್ರೆಂಡಾ ಮಿಲ್ನರ್ ಎಂಬ ಮನಃಶಾಸ್ತ್ರಜ್ಞೆ ಆತನಿಗೆ ಇದೇ ಕನ್ನಡಿ-ನಕ್ಷತ್ರದ ಕೆಲಸ ಕೊಟ್ಟರು. ಮೂರು ದಿನ ಮಾಡಿದ. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಆದರೆ ಹಿಂದಿನ ದಿನ ಇದನ್ನು ಮಾಡಿದ್ದೆ ಎಂಬುದೇ ಆತನಿಗೆ ನೆನಪಿಲ್ಲ! ಕೈ ಕಲಿತಿದೆ, ಕಲಿತದ್ದು ಆತನಿಗೇ ಗೊತ್ತಿಲ್ಲ. ನೆನಪು ಅಂದರೆ ಒಂದೇ ಪೆಟ್ಟಿಗೆ ಅಲ್ಲ, ಬೇರೆ ಬೇರೆ ಬಗೆಯವು ಇವೆ ಅಂತ ಜಗತ್ತಿಗೆ ಕಂಡಿದ್ದು ನಿಮ್ಮ ಲ್ಯಾಬಿನ ಬೀರುವಿನಲ್ಲಿ ಧೂಳು ಹಿಡಿದಿರುವ ಅದೇ ತರಹದ ಕೆಲಸದಿಂದ. ನನಗಂತೂ ಆ ನಕ್ಷತ್ರ ನೋಡಿದಾಗಲೆಲ್ಲ ಇದು ನೆನಪಾಗಿ ಮೈ ಜುಂ ಅನ್ನುತ್ತದೆ.

ಮ್ಯೂಲರ್-ಲಯರ್ ಕೂಡ ಹಾಗೇ. ಎರಡು ಗೆರೆ ಸಮ ಇದ್ದರೂ ತುದಿಯ ರೆಕ್ಕೆ ಒಳಗೆ ಮಡಚಿದೆಯೋ ಹೊರಗೆ ಬಿಚ್ಚಿದೆಯೋ ಎನ್ನುವುದರ ಮೇಲೆ ಒಂದು ಉದ್ದ, ಒಂದು ಗಿಡ್ಡ ಕಾಣುತ್ತದೆ. 1889ರದ್ದು. ಎಲ್ಲ ಮನುಷ್ಯರಿಗೂ ಹೀಗೇ ಕಾಣುತ್ತದೆ ಅಂತ ಬಹಳ ಕಾಲ ನಂಬಿದ್ದರು. ಬೇರೆ ಬೇರೆ ದೇಶಗಳ ಜನರಿಗೆ ತೋರಿಸಿ ಸೆಗಾಲ್, ಕ್ಯಾಂಪ್‌ಬೆಲ್, ಹರ್ಸ್ಕೊವಿಟ್ಸ್ ಎಂಬ ಮೂವರು 1966ರಲ್ಲಿ ಪುಸ್ತಕ ಬರೆದರು. ಅಮೆರಿಕದವರು ಜಾಸ್ತಿ ಮೋಸ ಹೋಗಿದ್ದರು. ಆಫ್ರಿಕಾದ ಕಲಹರಿ ಮರುಭೂಮಿಯ ಬೇಟೆಗಾರ ಜನರಿಗೆ ಭ್ರಮೆ ಹೆಚ್ಚುಕಡಿಮೆ ಆಗಲೇ ಇಲ್ಲ. ಯಾಕೆ ಎನ್ನುವುದರ ಬಗ್ಗೆ ಇವತ್ತಿಗೂ ಚರ್ಚೆ ಇದೆ. ಆದ್ದರಿಂದ ತಮ್ಮಾ, ಮುಂದಿನ ಸಲ ಗೆರೆ ಸರಿಸಿ ಸಮ ಮಾಡುವ ಆ ಹಲಗೆ ಕೈಗೆ ಬಂದಾಗ ಸಹಪಾಠಿಯ ಮೇಲೆ ಮಾಡಿ ಮುಗಿಸಬೇಡಿ. ಕ್ಯಾಂಟೀನ್ ಅಣ್ಣನಿಗೆ ತೋರಿಸಿ, ಊರಿಗೆ ಹೋದಾಗ ಅಜ್ಜಿಗೆ ತೋರಿಸಿ. ಎಡಗಡೆಯಿಂದ ಇಷ್ಟು ಸಲ, ಬಲಗಡೆಯಿಂದ ಇಷ್ಟು ಸಲ, ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಅಂತ ಯಾಕೆ ಬದಲಾಯಿಸಿ ಬದಲಾಯಿಸಿ ಮಾಡಿಸುತ್ತಾರೆ ಎನ್ನುವುದು ಆಗ ಅರ್ಥವಾಗುತ್ತದೆ. ಕೈಯ ಅಭ್ಯಾಸ, ಕಣ್ಣಿನ ಪಕ್ಷಪಾತ ಒಂದನ್ನೊಂದು ಸರಿದೂಗಿಸಿಕೊಳ್ಳಲಿ ಅಂತ. ಮುಂದೆ ಎಷ್ಟೇ ದೊಡ್ಡ ಸಂಶೋಧನೆ ಮಾಡಿದರೂ ಈ ಎಚ್ಚರ ಬೇಕಾಗುತ್ತದೆ.

ಪ್ರಶ್ನೆ: ಡೆಸರ್ಟೇಷನ್ ಸಲ್ಲಿಸಲು ಮೂರು ವಾರ ಇದೆ. ಹಾಸ್ಟೆಲಿನಲ್ಲಿ ಇರುವವರು 20, ಮನೆಯಿಂದ ಬರುವವರು 20 ಜನರ ಒತ್ತಡ ಹೋಲಿಸಿದ್ದೆ. ವ್ಯತ್ಯಾಸ ‘ಸಿಗ್ನಿಫಿಕೆಂಟ್’ (ಆಕಸ್ಮಿಕ ಅಲ್ಲ ಎನ್ನುವಷ್ಟು) ಬರಲಿಲ್ಲ. ನಾಲ್ಕೈದು ಜನರ ಅಂಕ ಸ್ವಲ್ಪ ತಿದ್ದಿದರೆ ಬರುತ್ತದೆ, ಯಾರಿಗೂ ಗೊತ್ತಾಗಲ್ಲ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ರಿಸಲ್ಟ್ ಬರದಿದ್ದರೆ ಮಾರ್ಕ್ಸ್ ಕಡಿಮೆ ಕೊಡುತ್ತಾರಾ?

ಉತ್ತರ: ತಿದ್ದಬೇಡಿ. ಒಬ್ಬರದ್ದೂ ಬೇಡ, ಒಂದು ಅಂಕವೂ ಬೇಡ. ನಿಮಗೆ ಬಂದಿರುವುದೂ ರಿಸಲ್ಟೇ.

ನೀವು ಕೇಳಿದ್ದು ಒಳ್ಳೆಯದಾಯಿತು, ಎಷ್ಟೋ ಜನ ಕೇಳುವುದೇ ಇಲ್ಲ. ಮೊದಲು ಲೆಕ್ಕ ನೋಡೋಣ. ಎರಡು ಗುಂಪಿನ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ ನಿಜವಾಗಿಯೂ ಇದೆ ಅಂದುಕೊಳ್ಳಿ. ಅದು ಹತ್ತರಲ್ಲಿ ಎಂಟು ಸಲ ನಿಮ್ಮ ಪರೀಕ್ಷೆಯಲ್ಲಿ ಸಿಗಬೇಕಾದರೆ ಪ್ರತಿ ಗುಂಪಿನಲ್ಲಿ 64 ಜನ ಬೇಕು. ಒಟ್ಟು 128. ನೀವು ತೆಗೆದುಕೊಂಡಿದ್ದು 20-20. ಅಷ್ಟರಲ್ಲಿ ವ್ಯತ್ಯಾಸ ಇದ್ದರೂ ಮೂರರಲ್ಲಿ ಒಂದು ಸಲ ಮಾತ್ರ ಕಾಣುತ್ತದೆ. ಜಿ-ಪವರ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಾಕಿ ನೋಡಿ. ಇದನ್ನೇ ನಿಮ್ಮ ಚರ್ಚೆಯ ಅಧ್ಯಾಯದಲ್ಲಿ ಬರೆಯಿರಿ. ‘ಮಾದರಿ ಚಿಕ್ಕದು, ಹಾಗಾಗಿ ವ್ಯತ್ಯಾಸ ಇಲ್ಲವೆಂದು ಹೇಳಲಾಗದು, ಇದೆಯೆಂದೂ ಹೇಳಲಾಗದು’ ಅಂತ. ಹೊರಗಿನ ಪರೀಕ್ಷಕಿಯಾಗಿ ವೈವಾಗೆ (ಮೌಖಿಕ ಪರೀಕ್ಷೆಗೆ) ಹೋಗಿ ಹೀಗೆ ಬರೆದವರನ್ನು ನೋಡಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಲವತ್ತು ಜನರಲ್ಲಿ ಎಲ್ಲ ಊಹೆಗಳೂ ಸರಿಬಂದ ಪ್ರಬಂಧ ನೋಡಿದಾಗ ನಾನು ಮೊದಲು ಕೇಳುವುದೇ ‘ತುಂಬಿದ ಫಾರಂಗಳು ಎಲ್ಲಿ ತೋರಿಸಿ’ ಅಂತ.

ಯಾರಿಗೂ ಗೊತ್ತಾಗಲ್ಲ ಅನ್ನುವ ಮಾತಿಗೆ ಒಂದು ಉತ್ತರ ಇದೆ. ನೆದರ್‌ಲ್ಯಾಂಡ್ಸಿನ ಡೀಡೆರಿಕ್ ಸ್ಟಾಪೆಲ್ ದೊಡ್ಡ ಹೆಸರಿನ ಪ್ರೊಫೆಸರ್ ಆಗಿದ್ದರು. ಡೇಟಾ ಸ್ವತಃ ಕುಳಿತು ಸೃಷ್ಟಿಸುತ್ತಿದ್ದರು. 2011ರಲ್ಲಿ ಸಿಕ್ಕಿಬಿದ್ದರು, ಐವತ್ತಕ್ಕೂ ಹೆಚ್ಚು ಪ್ರಬಂಧಗಳು ರದ್ದಾದವು. ಅನುಮಾನಪಟ್ಟು ಧೈರ್ಯವಾಗಿ ಹೇಳಿದ್ದು ಅದೇ ವಿಭಾಗದ ಎಳೆಯ ಸಂಶೋಧಕರು. ಸ್ಟಾಪೆಲ್ ಕೈಕೆಳಗೆ ಪಿಎಚ್.ಡಿ. ಮಾಡಿದ ಮಕ್ಕಳಿಗೆ ಏನಾಯಿತು ಅಂತ ಯೋಚಿಸಿ. ಅವರ ತಪ್ಪಿಲ್ಲದೆ ಅವರ ವರ್ಷಗಳು ನೀರಿಗೆ ಹೋದವು.

ತಿದ್ದದೇ ಇದ್ದರೂ, ಬಂದದ್ದನ್ನು ಮಾತ್ರ ಪ್ರಕಟಿಸಿ ಬರದಿದ್ದನ್ನು ಡ್ರಾಯರಿಗೆ ಹಾಕುವ ಅಭ್ಯಾಸದಿಂದಲೇ ಈ ವಿಷಯಕ್ಕೆ ದೊಡ್ಡ ಪೆಟ್ಟು ಬಿದ್ದಿದೆ. ಹೆಸರಾಂತ ಜರ್ನಲ್‌ಗಳಲ್ಲಿ ಬಂದ 100 ಅಧ್ಯಯನಗಳನ್ನು ಬೇರೆ ಬೇರೆ ದೇಶದ ಸಂಶೋಧಕರು ಸೇರಿ ಮತ್ತೆ ಮಾಡಿ ನೋಡಿದರು. 2015ರಲ್ಲಿ ಫಲಿತಾಂಶ ಹೊರಬಂತು. ಮೂಲದಲ್ಲಿ ಶೇ 97ರಷ್ಟು ‘ಸಿಗ್ನಿಫಿಕೆಂಟ್’ ಆಗಿದ್ದವು. ಮತ್ತೆ ಮಾಡಿದಾಗ ಶೇ 36 ಮಾತ್ರ. ನಾವು ದಶಕಗಳಿಂದ ಕ್ಲಾಸಿನಲ್ಲಿ ಹೇಳಿಕೊಂಡು ಬಂದ ಕೆಲವು ಸಂಗತಿಗಳನ್ನು ಬಿಡಬೇಕಾಯಿತು. ನಾನೂ ನೋಟ್ಸ್ ಹರಿದು ಹೊಸದು ಬರೆದಿದ್ದೇನೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ ಆದರೂ ಹೇಳುತ್ತೇನೆ. ಗೂಗಲ್ ಫಾರಂ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ಪ್ಲೀಸ್ ಫಿಲ್ ಮಾಡಿ’ ಅಂದಾಗ ತುಂಬುವವರು ನಿಮ್ಮ ಸ್ನೇಹಿತರು, ಅವರ ಸ್ನೇಹಿತರು. ಬಸ್ಸಿನಲ್ಲಿ ನಿಂತುಕೊಂಡು ಎರಡು ನಿಮಿಷದಲ್ಲಿ ತುಂಬುತ್ತಾರೆ. ಸಾಧ್ಯವಾದಷ್ಟು ಎದುರಿಗೆ ಕೂತು ತುಂಬಿಸಿ. ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಸುಮ್ನೆ ಸಹಿ ಹಾಕಿಸಬೇಡಿ. ಬೇಡ ಅನಿಸಿದರೆ ಮಧ್ಯದಲ್ಲೇ ನಿಲ್ಲಿಸಬಹುದು ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತು ಕೇಳಿದ ಮೇಲೆ ಜನ ನಿಮ್ಮ ಜೊತೆ ಮಾತಾಡುವ ರೀತಿಯೇ ಬೇರೆ ಆಗುತ್ತದೆ.

ಪ್ರಶ್ನೆ: ಮಗಳು ಸೈಕಾಲಜಿ ಎಂ.ಎಸ್ಸಿ.ಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ‘ಹುಚ್ಚರ ಡಾಕ್ಟರ್ ಆಗ್ತಾಳಾ’ ಅಂತ ನೆಂಟರು ಕೇಳುತ್ತಾರೆ. ಎಂ.ಎಸ್ಸಿ. ಆದ ಮೇಲೆ ಕ್ಲಿನಿಕ್ ಇಡಬಹುದೇ? ಸಂಪಾದನೆ ಇದೆಯೇ? ನನಗೆ ಏನೂ ತಿಳಿಯದು, ದಯವಿಟ್ಟು ಬಿಡಿಸಿ ಹೇಳಿ. (ದಾವಣಗೆರೆಯ ತಂದೆಯೊಬ್ಬರು)

ಉತ್ತರ: ಸರ್, ನೆಂಟರ ಮಾತಿಗೆ ಒಂದೇ ಉತ್ತರ ಸಾಕು. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಇದೆ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ಅದು ಆಯಿತು. ದೇಶದ ಎಲ್ಲ ಕಡೆಯಿಂದ ಮಕ್ಕಳು ಅಲ್ಲಿ ಓದಲು ಬರುತ್ತಾರೆ, ಸೀಟಿಗಾಗಿ ವರ್ಷಗಟ್ಟಲೆ ತಯಾರಿ ನಡೆಸುತ್ತಾರೆ.

ಈಗ ವಿಷಯ. ಸೈಕಿಯಾಟ್ರಿಸ್ಟ್ ಅಂದರೆ ಎಂ.ಬಿ.ಬಿ.ಎಸ್. ಮಾಡಿ ಮೇಲೆ ಮನೋವೈದ್ಯಶಾಸ್ತ್ರ ಓದಿದ ವೈದ್ಯರು. ಮಾತ್ರೆ ಬರೆಯುವವರು ಅವರು. ಸೈಕಾಲಜಿ ಓದಿದವರು ಮಾತ್ರೆ ಬರೆಯುವಂತಿಲ್ಲ. ಅವರದು ಮಾತಿನ ಚಿಕಿತ್ಸೆ, ಪರೀಕ್ಷೆ, ಮೌಲ್ಯಮಾಪನ. ಬರೀ ಎಂ.ಎಸ್ಸಿ. ಮಾಡಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡ್ ಹಾಕಲು ಆಗುವುದಿಲ್ಲ. ಅದಕ್ಕೆ 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ ನೋಂದಣಿ ಬೇಕು. ಬಹಳ ವರ್ಷ ಅದಕ್ಕೆ ದಾರಿ ಎರಡು ವರ್ಷದ ಎಂ.ಫಿಲ್. ಆಗಿತ್ತು. 2022ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದರು. ಆಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ 2025-26ರವರೆಗೆ ಅವಕಾಶ ಕೊಟ್ಟರು. ಹೊಸ ಕೋರ್ಸುಗಳು ಬರುತ್ತಿವೆ, ನಿಯಮ ಬದಲಾಗುತ್ತಿದೆ. ಹಾಗಾಗಿ ನಿಮ್ಮ ಮಗಳು ಫೀಸ್ ಕಟ್ಟುವ ಮೊದಲು ಆರ್.ಸಿ.ಐ. ಪಟ್ಟಿಯಲ್ಲಿ ಆ ಕಾಲೇಜು, ಆ ಕೋರ್ಸು, ಆ ವರ್ಷ ಮೂರೂ ಇದೆಯೇ ಅಂತ ಅವಳೇ ಕಣ್ಣಾರೆ ನೋಡಲಿ. ಕಾಲೇಜಿನವರ ಬಾಯಿಮಾತು ನಂಬಬೇಡಿ. ಪಟ್ಟಿಯಲ್ಲಿ ಇಲ್ಲದ ಕಡೆ ಲಕ್ಷಗಟ್ಟಲೆ ಕಟ್ಟಿ ನನ್ನ ಹತ್ತಿರ ಬಂದು ಅತ್ತವರು ಇದ್ದಾರೆ.

ಕ್ಲಿನಿಕಲ್ ಒಂದೇ ದಾರಿ ಅಲ್ಲ. ಶಾಲೆ-ಕಾಲೇಜಿನಲ್ಲಿ ಆಪ್ತಸಮಾಲೋಚಕರ ಕೆಲಸ, ಕಂಪನಿಗಳ ಎಚ್.ಆರ್., ಸಂಶೋಧನಾ ಸಹಾಯಕರು, ಕಾಲೇಜು ಪಾಠ, ಇವೆಲ್ಲ ಇವೆ. ಶುರುವಿನ ಸಂಬಳ ಕಡಿಮೆ ಸರ್, ಅದನ್ನು ಮುಚ್ಚಿಡುವುದಿಲ್ಲ. ಇಂಜಿನಿಯರಿಂಗ್ ಓದಿದ ಅಣ್ಣನ ಜೊತೆ ಹೋಲಿಸಿದರೆ ಮೊದಲ ಐದು ವರ್ಷ ಕಷ್ಟವೇ. ಹಟ ಹಿಡಿದಿದ್ದಾಳೆ ಅಂದಿರಿ. ಯಾಕೆ ಈ ವಿಷಯ ಅಂತ ಒಂದು ಸಲ ಸಮಾಧಾನವಾಗಿ ಕೇಳಿ ನೋಡಿ. ಅವಳ ಉತ್ತರ ನನ್ನ ಉತ್ತರಕ್ಕಿಂತ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಅಬ್‌ನಾರ್ಮಲ್ ಸೈಕಾಲಜಿ ಪಾಠ ಶುರುವಾದ ಮೇಲೆ ಓದಿದ ಕಾಯಿಲೆಯೆಲ್ಲ ನನಗೇ ಇದೆ ಅನಿಸುತ್ತಿದೆ. ಬೀಗ ಎರಡು ಸಲ ನೋಡಿದರೆ ಓಸಿಡಿ (ಗೀಳು ಕಾಯಿಲೆ), ಒಬ್ಬನೇ ಕೂತರೆ ಡಿಪ್ರೆಶನ್. ರಾತ್ರಿ ನಿದ್ದೆ ಬರುತ್ತಿಲ್ಲ. ನನಗೆ ಏನಾಗಿದೆ?

ಉತ್ತರ: ಈ ಭಯ ಆ ಸೆಮಿಸ್ಟರಿನಲ್ಲಿ ಬಹಳ ಜನಕ್ಕೆ ಬರುತ್ತದೆ. ವೈದ್ಯಕೀಯ ಓದುವವರಿಗೂ ಬರುತ್ತದೆ. ಬೀಗ ಎರಡು ಸಲ ನೋಡುವುದು ಎಲ್ಲರ ಮನೆಯಲ್ಲೂ ಇದೆ. ಅದು ದಿನದ ಗಂಟೆಗಳನ್ನೇ ತಿನ್ನುತ್ತಿದೆಯಾ, ಓದು ಊಟ ಓಡಾಟ ಕೆಡಿಸುತ್ತಿದೆಯಾ ಅಂತ ನೋಡಬೇಕು. ಪುಸ್ತಕದ ಲಕ್ಷಣಗಳ ಪಟ್ಟಿಯ ಕೆಳಗೆ ಆ ಸಾಲು ಇದ್ದೇ ಇರುತ್ತದೆ, ನಾವು ಅದನ್ನು ಓದದೆ ದಾಟುತ್ತೇವೆ.

ಆದರೆ ನಿದ್ದೆ ಬರುತ್ತಿಲ್ಲ ಅಂದಿರಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ವಾರದಿಂದ ಹೀಗೇ ಇದ್ದರೆ ಯಾರನ್ನಾದರೂ ಭೇಟಿ ಮಾಡಿ. ನಿಮ್ಮ ವಿಭಾಗದ ಮೇಷ್ಟ್ರ ಹತ್ತಿರ ಹೇಳಲು ಸಂಕೋಚ ಆಗುತ್ತದೆ, ಅವರೇ ನಾಳೆ ಪರೀಕ್ಷಕರು, ಅರ್ಥವಾಗುತ್ತದೆ. ಹೊರಗಿನವರ ಹತ್ತಿರ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೈಕಾಲಜಿ ಓದುವವನು ತಾನೇ ಸಹಾಯ ಕೇಳಿದರೆ ನಾಚಿಕೆ ಅಂತ ಅಂದುಕೊಳ್ಳಬೇಡಿ. ನಾನು ಕೇಳಿದ್ದೇನೆ.

ಪ್ರಶ್ನೆ: ಪಿಎಚ್.ಡಿ. ಮೂರನೇ ವರ್ಷ. ಗೈಡ್ ನನ್ನ ಅಧ್ಯಾಯ ನೋಡಿ ಏಳು ತಿಂಗಳಾಯಿತು. ಅವರ ಮೌಲ್ಯಮಾಪನದ ಕೆಲಸ, ಬ್ಯಾಂಕಿನ ಕೆಲಸ ಎಲ್ಲ ನನ್ನದೇ. ಮನೆಯಲ್ಲಿ ಮದುವೆಗೆ ಒತ್ತಾಯ. ಹುಡುಗ ಪುಣೆಯಲ್ಲಿದ್ದಾನೆ. ಒಪ್ಪಿದರೆ ಓದು ನಿಂತುಹೋಗುತ್ತದೆ ಎಂಬ ಭಯ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನನ್ನ ಕಾಲದಲ್ಲಿ ನಾನೂ ಒಂಬತ್ತು ತಿಂಗಳು ಒಂದು ಅಧ್ಯಾಯಕ್ಕಾಗಿ ಒಂದು ಬಾಗಿಲ ಮುಂದೆ ಕಾದಿದ್ದೇನೆ. ಬೆಂಚಿನ ಮೇಲೆ ಕೂತು ಎದುರಿನ ಗೋಡೆಯ ಬಿರುಕನ್ನು ಎಷ್ಟು ನೋಡಿದ್ದೆ ಅಂದರೆ ಈಗಲೂ ಅದನ್ನು ಬರೆದು ತೋರಿಸಬಲ್ಲೆ. ಆಗ ನನಗೆ ನಿಯಮ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ಯುಜಿಸಿಯ 2022ರ ಪಿಎಚ್.ಡಿ. ನಿಯಮ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಪ್ರತಿ ಸಂಶೋಧಕರಿಗೂ ಒಂದು ಸಲಹಾ ಸಮಿತಿ ಇರಬೇಕು, ಪ್ರತಿ ಸೆಮಿಸ್ಟರಿಗೆ ಒಮ್ಮೆ ನೀವು ಅದರ ಮುಂದೆ ಕೆಲಸದ ಪ್ರಗತಿ ಹೇಳಬೇಕು. ಆ ಸಭೆ ನಡೆಯುತ್ತಿಲ್ಲ ಅಂದರೆ ನಡೆಸಿ ಎಂದು ವಿಭಾಗದ ಮುಖ್ಯಸ್ಥರಿಗೆ ವಿನಯದಿಂದ ಒಂದು ಪತ್ರ ಬರೆಯಿರಿ. ಗೈಡ್ ವಿರುದ್ಧ ದೂರು ಅಂತ ಬರೆಯಬೇಡಿ, ‘ಸಮಿತಿಯ ಮುಂದೆ ಮಂಡಿಸಲು ಅವಕಾಶ ಕೊಡಿ’ ಅಂತ ಬರೆಯಿರಿ. ಎಷ್ಟೋ ಗಂಟುಗಳು ಅಷ್ಟರಲ್ಲೇ ಸಡಿಲವಾಗುತ್ತವೆ. ಅಧ್ಯಾಯಗಳನ್ನು ಕೈಗೆ ಕೊಡುವ ಬದಲು ಇಮೇಲ್ ಮಾಡಿ, ತಾರೀಕು ಉಳಿಯುತ್ತದೆ. ಬ್ಯಾಂಕಿನ ಕೆಲಸಕ್ಕೆ ‘ಇವತ್ತು ಫೀಲ್ಡಿಗೆ ಹೋಗಬೇಕಿತ್ತು ಸರ್’ ಅಂತ ಶುರು ಮಾಡಿ. ಮೊದಲ ಸಲ ಬಾಯಿ ಬರುವುದಿಲ್ಲ, ಮೂರನೇ ಸಲಕ್ಕೆ ಬರುತ್ತದೆ.

ಅವಧಿಯ ಬಗ್ಗೆ: ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಅದರ ಮೇಲೆ ಇನ್ನೂ 2 ವರ್ಷ ಸಡಿಲಿಕೆ ಕೊಡಬಹುದು. ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದ ಸಂಶೋಧಕಿಯರು ತಮ್ಮ ಕೆಲಸವನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲೂ ಅದೇ ನಿಯಮದಲ್ಲಿ ಅವಕಾಶ ಇದೆ, ಕೆಲವು ಷರತ್ತುಗಳಿವೆ. ಪುಣೆ ಎಂಬ ಒಂದೇ ಕಾರಣಕ್ಕೆ ಓದು ನಿಲ್ಲಬೇಕಾಗಿಲ್ಲ. ಇದನ್ನು ಮನೆಯವರಿಗೂ ಆ ಹುಡುಗನಿಗೂ ತೋರಿಸಿ. ಮದುವೆ ಆಗಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ನಿಮ್ಮ ಥೀಸಿಸ್ ಬಗ್ಗೆ ಕೇಳಿದಾಗ ಆತ ಏನು ಹೇಳುತ್ತಾನೆ ಅಂತ ಗಮನವಿಟ್ಟು ಕೇಳಿಸಿಕೊಳ್ಳಿ.

ಪ್ರಶ್ನೆ: ಮೈಸೂರಿನಲ್ಲಿ ರೇಡಿಯೋ ಶುರು ಮಾಡಿದವರು ಸೈಕಾಲಜಿ ಮೇಷ್ಟ್ರು ಅಂತ ನಮ್ಮ ತಾತ ಹೇಳುತ್ತಿದ್ದರು. ನಿಜವೇ?

ಉತ್ತರ: ನಿಜ. ಎಂ.ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಹೆಸರಾಂತ ಮನಃಶಾಸ್ತ್ರಜ್ಞರ ಹತ್ತಿರ ಕಲಿತು ಬಂದು, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ನಮ್ಮ ದೇಶದಲ್ಲಿ ಕಲ್ಕತ್ತಾ ಬಿಟ್ಟರೆ ಅಷ್ಟು ಹಳೆಯ ವಿಭಾಗ ಸಿಗುವುದು ಕಷ್ಟ. ಅದೇ ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಮೂವತ್ತು ವಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಹಳೆಯ ಕಾಲದ ಒಂದು ಸಣ್ಣ ಬಲ್ಬಿಗೆ ಆಗುವಷ್ಟು ಶಕ್ತಿ ಅದು. ಅಲ್ಲಿಂದ ಸಂಗೀತ, ಮಾತು ಎಲ್ಲ ಊರಿನ ಮನೆಗಳಿಗೆ ಹೋಗುತ್ತಿತ್ತು. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಆ ಕೇಂದ್ರದ ಹೆಸರು ‘ಆಕಾಶವಾಣಿ’. ನಂತರ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ತಾತ ಇನ್ನೂ ಇದ್ದರೆ, ಆ ಕಾಲದ ಪ್ರಸಾರ ಕೇಳಿದ ನೆನಪು ಏನಾದರೂ ಇದೆಯಾ ಅಂತ ಕೇಳಿ ಅವರ ಮಾತಿನಲ್ಲೇ ಬರೆದು ಕಳಿಸುತ್ತೀರಾ? ನನಗೆ ಓದಬೇಕು ಅಂತ ತುಂಬಾ ಆಸೆ ಇದೆ.